ಹೆಸರು ಹೇಳದೆ ಕೊಟ್ಟದ್ದು

ನಮ್ಮೂರಿನಲ್ಲಿ ಒಬ್ಬರ ಕೈಗೆ ಒಬ್ಬರು ಏನನ್ನೇ ಕೊಡಲಿ, ಅದರ ಹೆಸರು ಹೇಳಿಯೇ ಕೊಡುತ್ತಾರೆ. ಲೋಟ ತಗೋ, ಸೂಜಿ ತಗೋ, ಮಗು ತಗೋ. ಬರೀ 'ತಗೋ' ಎಂದು ಅಂಗೈಗೆ ಅಂಗೈ ತಾಗಿಸಿದರೆ ಹೇಳಿದವರ ಮೈಯಲ್ಲಿರುವ ದಣಿವು ಕೇಳಿದವರ ಮೈಗೆ ಹೋಗಿಬಿಡುತ್ತದೆ. ಬೇರೆ ಊರಿನಿಂದ ಬಂದ ಸೊಸೆಯರಿಗೆ ಮೊದಲ ವಾರ ಕಲಿಸುವ ಪಾಠ ಇದೇ. ನಮ್ಮ ಬಸ್ಸಿನ ಕಂಡಕ್ಟರ್ ಟಿಕೆಟನ್ನು ಸೀಟಿನ ಕಂಬಿಗೆ ಸಿಕ್ಕಿಸಿ ಮುಂದೆ ಹೋಗುತ್ತಾನೆ. ಗುಡಿಯ ಪೂಜಾರಪ್ಪ ಒಬ್ಬೊಬ್ಬರಿಗೂ 'ತೀರ್ಥ ತಗೊಳ್ಳಿ, ತೀರ್ಥ ತಗೊಳ್ಳಿ' ಎಂದು ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಇಷ್ಟಾದರೂ ಬಾಯ್ತಪ್ಪುವುದು ಇದ್ದದ್ದೇ. ತಪ್ಪಿದರೆ ಒಂದು ದಿನದೊಳಗೆ ತಿರುಗಿಸಿ ಕೊಟ್ಟುಬಿಟ್ಟರೆ ಆಯಿತು. ದಿನ ದಾಟಿತೋ, ಆಮೇಲೆ ಊರೊಳಗೆ ಅದು ವಾಪಸು ಹೋಗುವುದಿಲ್ಲ. ಇಬ್ಬರೂ ಅವರವರ ಕಾಲ ಮೇಲೆ ಗುಡ್ಡ ಹತ್ತಿ, ತುದಿಯಲ್ಲಿರುವ ಚಪ್ಪಟೆ ಬಂಡೆಯ ಮೇಲೆ ಎದುರುಬದುರು ಕೂತು ಕೊಡಬೇಕು, ಇಸಕೊಳ್ಳಬೇಕು.

ಸ್ವಂತ ದಣಿವು ಮಲಗಿ ಎದ್ದರೆ ಹೋಗುತ್ತದೆ. ಬೇರೆಯವರದ್ದು ಎಷ್ಟು ಮಲಗಿದರೂ ಹೋಗುವುದಿಲ್ಲ, ಅದರ ಯಜಮಾನರಿಗೇ ಮುಟ್ಟಬೇಕು. ಯಜಮಾನರು ಸತ್ತರೆ ಜನ್ಮಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ನಮ್ಮಲ್ಲಿ ಮುದುಕರು ಹಾಸಿಗೆ ಹಿಡಿಯುವ ಮುಂಚೆಯೇ ಎಚ್ಚರ ವಹಿಸುತ್ತಾರೆ. ಭಾನುವಾರ ಬಂತೆಂದರೆ ಗುಡ್ಡದ ದಾರಿಯಲ್ಲಿ ಅಣ್ಣ ತಮ್ಮಂದಿರು, ಅತ್ತೆ ಸೊಸೆಯರು, ಹಳೆಯ ಸ್ನೇಹಿತರು ಜೋಡಿ ಜೋಡಿಯಾಗಿ ಹತ್ತುವುದು ಕಾಣುತ್ತದೆ. ಹತ್ತುವಾಗ ಮಾತು ಕಡಿಮೆ.

ನನ್ನ ವಿಷಯ ಹೇಳಬೇಕೆಂದರೆ, ನೆನಪಿರುವ ಕಾಲದಿಂದ ನಾನು ದಣಿದೇ ಇದ್ದೆ. ಹತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಮೈಕೈ ಆಗತಾನೆ ಮೂಟೆ ಇಳಿಸಿದವರ ಹಾಗೆ ನೋಯುತ್ತಿತ್ತು. ಒಂದನೇ ಕ್ಲಾಸಿನಲ್ಲಿ ಮಲಗಿದವಳು ಏಳನೇ ಕ್ಲಾಸಿನಲ್ಲಿ ಎದ್ದಳು ಎಂದು ಮೇಷ್ಟರು ನಗುತ್ತಿದ್ದರು. ಅಲ್ಲಿಗೆ ಓದು ನಿಂತಿತು. ಹೆಣ್ಣು ನೋಡಲು ಬಂದವರ ಮುಂದೆ ತಟ್ಟೆ ಹಿಡಿದುಕೊಂಡೇ ತೂಕಡಿಸಿದೆ. ಉಪ್ಪಿಟ್ಟು ಹೋಗಿ ಆ ಹುಡುಗನ ತೊಡೆಯ ಮೇಲೆ ಬಿತ್ತು. ಅವರು ಹೋದರು, ಬೇರೆಯವರು ಬರಲಿಲ್ಲ. ಡಾಕ್ಟರು ರಕ್ತ ಕಡಿಮೆ ಎಂದು ಕೆಂಪು ಮಾತ್ರೆ ಕೊಟ್ಟರು. ಊರಿನವರು ಮೈಗಳ್ಳಿ ಎಂದರು, ಅವ್ವನೂ ಎಂದಳು. ಈಗ ನಲವತ್ತಾರು ವರ್ಷ ನನಗೆ. ಬಸ್ ಸ್ಟ್ಯಾಂಡ್ ಹಿಂದಿನ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತೇನೆ. ಕೂತು ಮಾಡುವ ಕೆಲಸ, ನಡುವೆ ಕಣ್ಣು ಮುಚ್ಚಿದರೂ ಬೆರಳು ತಾನಾಗಿ ಓಡುತ್ತದೆ.

ಅವ್ವನ ಹೆಸರು ಓಬಕ್ಕ. ಎಪ್ಪತ್ತೊಂದು ವರ್ಷ. ಇವಳು ನನ್ನವ್ವ ಎಂದರೆ ನಂಬದವರು ಇದ್ದಾರೆ, ಯಾಕೆಂದರೆ ಅವಳು ಈ ವಯಸ್ಸಿನಲ್ಲೂ ಎರಡು ಕೊಡ ನೀರು ಒಟ್ಟಿಗೆ ತರುತ್ತಿದ್ದಳು, ನಾನು ಒಂದು ತಂದು ಕೂರುತ್ತಿದ್ದೆ. ಮಾಘ ಮಾಸದ ಒಂದು ಶನಿವಾರ ಅವ್ವ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ, "ನಾಳೆ ಬಂಡೆಗೆ ಹೋಗಿ ಬರಣ ಶೀಲಿ" ಎಂದಳು.

ಮಕ್ಕಳಿಗೆ ಜ್ವರ ಬಂದಾಗ ಅವರ ದಣಿವನ್ನು ತಾಯಂದಿರು ಇಸಕೊಳ್ಳುವುದು, ವಯಸ್ಸಾದ ಮೇಲೆ ಮಕ್ಕಳನ್ನು ಬಂಡೆಗೆ ಕರಕೊಂಡು ಹೋಗಿ ಹಿಂದಕ್ಕೆ ಕೊಡುವುದು ನಮ್ಮಲ್ಲಿ ಮಾಮೂಲು. ನನಗೂ ಚಿಕ್ಕಂದಿನಲ್ಲಿ ಟೈಫಾಯಿಡ್ ಆಗಿತ್ತಂತೆ. ಅದೇ ಇರಬೇಕು, ನಲವತ್ತು ವರ್ಷ ಇಟ್ಟುಕೊಂಡು ಈಗ ಕೊಡುತ್ತಾಳೆ ಎಂದುಕೊಂಡೆ. ಕೊಡುವುದು ನ್ಯಾಯವೇ. ಆದರೆ ಇರುವುದನ್ನೇ ಹೊರಲಾರದವಳು ನಾನು, ಇನ್ನೊಂದಿಷ್ಟನ್ನು ಎಲ್ಲಿಟ್ಟುಕೊಳ್ಳಲಿ? ಅದು ಮೈಮೇಲೆ ಬಿದ್ದ ದಿನ ಅಂಗಡಿಗೆ ಹೋಗುವುದೂ ನಿಂತೀತು ಎಂದು ಭಯವಾಯಿತು.

ಬೆಳಿಗ್ಗೆ ಏಳಕ್ಕೆ ಹೊರಟೆವು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ನೀರಿನ ಬಾಟಲಿ ಇದ್ದ ಚೀಲವನ್ನು ಅವ್ವನೇ ಹೆಗಲಿಗೆ ಹಾಕಿಕೊಂಡಳು. ನಮ್ಮ ಗುಡ್ಡದಲ್ಲಿ ಮಣ್ಣು ಎನ್ನುವುದೇ ಕಡಿಮೆ, ಎಲ್ಲ ಕಲ್ಲು. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತಿವೆ, ಸಂದಿಯಲ್ಲಿ ಕುರುಚಲು ಗಿಡ, ಸೀತಾಫಲದ ಗಿಡ. ಕಡಿದಾದ ಕಡೆ ಯಾವ ಕಾಲದವರೋ ಉಳಿಯಿಂದ ಪಾದ ಊರುವಷ್ಟು ಗುಳಿ ಕೊರೆದಿದ್ದಾರೆ. ಅವ್ವ ಸೆರಗು ಸಿಕ್ಕಿಸಿ, ಆ ಗುಳಿಗಳಲ್ಲಿ ಮೇಕೆಯ ಹಾಗೆ ಹತ್ತಿಹೋದಳು. ನಾನು ಹತ್ತು ಗುಳಿಗೊಮ್ಮೆ ನಿಂತು, ಬಂಡೆಗೆ ಹಣೆ ಆನಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಬಿಸಿಲು ಏರುತ್ತಾ ಬಂಡೆ ಕಾಯತೊಡಗಿತು. ಹಿಂದಿನಿಂದ ಬಂದ ಜೋಡಿಗಳೆಲ್ಲ ನಮ್ಮನ್ನು ದಾಟಿ ಹೋದವು.

ಒಂದು ಕಡೆ ಎರಡು ಗುಂಡುಗಳ ನಡುವೆ ತೆವಳಿಕೊಂಡು ಹೋಗಬೇಕು. ಅರ್ಧ ತೆವಳಿದವಳು ಅಲ್ಲೇ ಕೆನ್ನೆ ಇಟ್ಟುಬಿಟ್ಟೆ. ಕಲ್ಲು ತಣ್ಣಗಿತ್ತು, ಹಿತವಾಗಿತ್ತು. ಇಲ್ಲೇ ಇದ್ದುಬಿಟ್ಟರೆ ಯಾರಿಗೇನು ನಷ್ಟ ಎನಿಸಿತು. ಆ ಕಡೆಯಿಂದ ಅವ್ವ ಬಗ್ಗಿ ನೋಡಿದಳು.

"ಆಗ್ತದಾ?"

"ಆಗಲ್ಲ ಅಂದ್ರೆ ಬಿಡ್ತೀಯಾ?"

"ಬಿಡಲ್ಲ" ಎಂದಳು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಅದು ನನಗೆ ವಿಚಿತ್ರವೆನಿಸಿತು. ಹೊರಗೆ ಬಂದ ಮೇಲೆ ಸೆರಗಿನ ತುದಿ ನೀಡಿ, "ಸೆರಗು ಹಿಡ್ಕೋ" ಎಂದಳು. ಅಲ್ಲಿಂದ ಮುಂದೆ ಕಟ್ಟಿದ ಕರುವಿನ ಹಾಗೆ ಅವಳ ಹಿಂದೆ ಹೋದೆ.

ಅರ್ಧ ದಾರಿಯಲ್ಲಿ ಒಂದು ದೊಣೆ ಇದೆ. ಮಳೆನೀರು ಬಂಡೆಯ ಹೊಂಡದಲ್ಲಿ ನಿಂತು ಬೇಸಗೆವರೆಗೂ ಆರುವುದಿಲ್ಲ. ಅದರ ದಡದಲ್ಲಿ ವಾಲಿದ ಗುಂಡಿನ ನೆರಳಿಗೆ ಗೌಸಿಯಾಬಿ ಎಂಬಾಕೆ ಮಜ್ಜಿಗೆ ಇಟ್ಟುಕೊಂಡು ಕೂರುತ್ತಾಳೆ. ಆಕೆ ಒಂದು ಲೋಟ ತುಂಬಿಸಿ ನನ್ನ ಮುಂದಿನ ಕಲ್ಲಿನ ಮೇಲಿಟ್ಟಳು.

"ಕೊಡೋರಿಗೆ ಮೊದಲು" ಎಂದಳು. "ಹೊತ್ಕೊಂಡು ಬಂದಿರ್ತಾರಲ್ಲ, ಪಾಪ."

"ಕೊಡೋಳು ನಾನಲ್ಲ. ಅವ್ವ ಕೊಡೋದು, ನಾನು ಇಸ್ಕೊಳ್ಳೋದು" ಎಂದೆ.

ಗೌಸಿಯಾಬಿ ಅವ್ವನನ್ನು ಕಾಲಿನಿಂದ ತಲೆವರೆಗೆ ನೋಡಿದಳು. ಅವ್ವನ ಹಣೆಯಲ್ಲಿ ಬೆವರೂ ಸರಿಯಾಗಿ ಒಡೆದಿರಲಿಲ್ಲ. ಆಮೇಲೆ ನನ್ನನ್ನು ನೋಡಿ ನಕ್ಕಳು. "ಮೂವತ್ತು ವರ್ಷ ಆಯ್ತು ಕಣಮ್ಮ ನಾನಿಲ್ಲಿ ಕೂತು. ಬೇರೆಯವರದ್ದು ಹೊತ್ತಿರೋರು ಹಂಗೆ ಹತ್ತಲ್ಲ. ನಿನ್ನ ಹಂಗೆ ಹತ್ತತಾರೆ."

ನಾನೂ ನಕ್ಕೆ. ನಗುತ್ತಾ ಅವ್ವನ ಕಡೆ ತಿರುಗಿದೆ. ಅವ್ವ ನಗುತ್ತಿರಲಿಲ್ಲ. ಸೀರೆಯ ನೆರಿಗೆಯಲ್ಲಿ ಸಿಕ್ಕಿದ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತಾ ಕೂತಿದ್ದಳು.

"ಅವ್ವ?"

"ಮೇಲೆ ಹೋಗಿ ಮಾತಾಡಣ, ನಡಿ."

"ಇಲ್ಲೇ ಹೇಳು. ಹೇಳೋವರೆಗೂ ನಾನು ಏಳಲ್ಲ."

ಏಳದೆ ಇರುವುದರಲ್ಲಿ ನಾನು ಎಂಥ ಗಟ್ಟಿಗಿತ್ತಿ ಎಂದು ಅವ್ವನಿಗೆ ಗೊತ್ತಿತ್ತು. ಗೌಸಿಯಾಬಿ ಕೊಡ ಎತ್ತಿಕೊಂಡು ದೊಣೆಯ ಆಚೆ ಬದಿಗೆ ನಡೆದಳು.

"ನಿಮ್ಮಪ್ಪ ಸಾರುವೆ ಮೇಲಿಂದ ಬಿದ್ದ ವರ್ಷ" ಎಂದು ಅವ್ವ ಶುರು ಮಾಡಿದಳು. ಅಪ್ಪ ಗಾರೆ ಕೆಲಸದವನು. ನನಗೆ ಆರು ವರ್ಷವಿದ್ದಾಗ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳಕೊಂಡ, ಐದು ವರ್ಷ ಚಾಪೆಯ ಮೇಲಿದ್ದು ತೀರಿಕೊಂಡ. ಇದು ನನಗೆ ಗೊತ್ತಿದ್ದದ್ದೇ. "ದಿನಾ ಆಸ್ಪತ್ರೆ ಬಟ್ಟೆ ಒಗೆದು ಬರ್ತಿದ್ದೆ. ಬಂದು ಅವನ್ನ ಎತ್ತಬೇಕು, ಮಗ್ಗುಲು ಬದಲಾಯಿಸಬೇಕು, ಬಳೀಬೇಕು. ಒಂದಿನ ಸಂಜೆ ನಿನಗೆ ಅಂತ ಕೊಬ್ಬರಿ ಮಿಠಾಯಿ ತಂದಿದ್ದೆ. ಹೊಸಿಲು ದಾಟಕ್ಕೂ ಕಾಲು ಬರ್ತಿರಲಿಲ್ಲ. ನಿನ್ನ ಕೈಯಾಗೆ ಇಟ್ಟು ತಗೋ ಅಂದೆ. ಮಿಠಾಯಿ ಅನ್ನೋದು ಮರೆತೆ."

ನಾನು ಮಜ್ಜಿಗೆ ಲೋಟವನ್ನು ಕೆಳಗಿಟ್ಟೆ.

"ನೀನು ಅಲ್ಲೇ ಹೊಸಿಲ ಮೇಲೆ ಮಲಗಿಬಿಟ್ಟೆ, ಮಿಠಾಯಿ ಹಿಡ್ಕೊಂಡೇ. ನನ್ನ ಮೈ ಎಷ್ಟು ಹಗುರ ಆಯ್ತು ಅಂದ್ರೆ, ಎಲ್ಲಿ ಹಾರಿ ಹೋಗ್ತೀನೋ ಅಂತ ಬಾಗಿಲು ಹಿಡ್ಕೊಂಡೆ. ಮನೆ ಸಾರಿಸಿದೆ. ಅವನಿಗೆ ಬಿಸಿನೀರು ಹಾಕಿದೆ. ಪಕ್ಕದಾಗೆ ಕೂತು ಏನೋ ತಮಾಷೆ ಮಾತಾಡಿದೆ. ಬಿದ್ದ ಮೇಲೆ ಅವನು ನಕ್ಕಿದ್ದು ಅವತ್ತೇ ಮೊದಲು. ನಾಳೆ ಇಷ್ಟೊತ್ತಿಗೆಲ್ಲ ವಾಪಸ್ ಇಸ್ಕೊಂಡ್ರಾಯ್ತು ಅಂದ್ಕೊಂಡೆ."

"ಮರೆತುಬಿಟ್ಟೆಯಾ?" ಹೌದು ಎನ್ನಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಇಲ್ಲ" ಎಂದಳು ಅವ್ವ. "ಮೊದಲನೇ ಸಲ ಬಾಯ್ತಪ್ಪಿ ಆಗಿದ್ದು. ಎರಡನೇ ಸಲ ಅಲ್ಲ."

"ಎಷ್ಟು ದಿನ?"

"ಅವನು ಹೋಗೋವರೆಗೂ."

"ಐದು ವರ್ಷ ದಿನಾನೂ?"

"ಭಾನುವಾರ ಬಿಟ್ಟು. ಭಾನುವಾರ ಬಟ್ಟೆ ಇರ್ತಿರಲಿಲ್ಲ."

ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಶಾಲೆಯ ಬೆಂಚು, ಉಪ್ಪಿಟ್ಟಿನ ತಟ್ಟೆ, ಕೆಂಪು ಮಾತ್ರೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ನೀನೂ ಬೈತಿದ್ದೆಯಲ್ಲವ್ವ, ಮೈಗಳ್ಳಿ ಅಂತ! ಅಕ್ಕಪಕ್ಕದೋರಿಗೆಲ್ಲ ಕೇಳೋ ಹಂಗೆ ಬೈತಿದ್ದೆ."

"ಬೈದ್ರೆ ಯಾರಿಗೂ ಅನುಮಾನ ಬರಲ್ಲ ಅಂತ ಬೈತಿದ್ದೆ."

"ಅಪ್ಪ ಹೋದ ಮೇಲಾದ್ರೂ ಇಸ್ಕೋಬಹುದಿತ್ತು."

"ಪ್ರತಿ ವರ್ಷ ಅಂದ್ಕೊಂತಿದ್ದೆ. ಹೆದರಿಕೆ ಆಗ್ತಿತ್ತು. ಅಷ್ಟೂ ಒಂದೇ ಸಲ ಬಂದ್ರೆ ಏಳ್ತೀನೋ ಇಲ್ವೋ, ನಾನೂ ಏಳದೆ ಹೋದ್ರೆ ನಿನಗ್ಯಾರು ಅಂತ. ಆಮೇಲಾಮೇಲೆ ಅದೂ ಅಲ್ಲ. ಹಗುರವಾಗಿರೋದು ಅಭ್ಯಾಸ ಆಗಿಬಿಟ್ಟಿತ್ತು." ಅವ್ವ ಕೊನೆಯ ಮುಳ್ಳು ಕಿತ್ತು ಎಸೆದಳು. "ಹೋದ ತಿಂಗಳು ಬಚ್ಚಲಾಗೆ ತಲೆ ತಿರುಗಿ ಬಿದ್ದೆ. ನಿನಗೆ ಹೇಳಲಿಲ್ಲ. ಅವತ್ತೇ ಹೋಗಿಬಿಟ್ಟಿದ್ರೆ ನೀನು ಸಾಯೋವರೆಗೂ ನನ್ನದನ್ನ ಹೊರಬೇಕಾಗ್ತಿತ್ತು."

ಅವಳ ಮುಖ ನೋಡಲು ನನಗೆ ಅಸಹ್ಯವಾಯಿತು. ಇದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ, ನಿಜವಾಗಿಯೂ ಅಸಹ್ಯವಾಯಿತು. ಎದ್ದು ಕೆಳಗಿಳಿದು ಹೋಗಬೇಕು, ಇನ್ನು ಈ ಹೆಂಗಸಿನ ಜೊತೆ ಮಾತಾಡಬಾರದು ಎನಿಸಿತು. ಆದರೆ ಕೋಪ ಮಾಡಿಕೊಂಡು ಎದ್ದುಹೋಗುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ನನಗೆ ಅದಿರಲಿಲ್ಲ. ಕೂತೇ ಇದ್ದೆ. ಗೌಸಿಯಾಬಿ ಕೊಡ ತುಂಬಿಸಿಕೊಂಡು ಬಂದಳು, ನಮ್ಮಿಬ್ಬರನ್ನೂ ನೋಡಿ ಇನ್ನೊಂದು ಲೋಟ ಮಜ್ಜಿಗೆ ತಂದಿಟ್ಟಳು. ಅದನ್ನೂ ಕುಡಿದೆ. ಕೆಳಗೆ ಹೋದರೆ ನಾಳೆ ಮತ್ತೆ ಇದೇ ಮೈ ಎಂಬ ಯೋಚನೆ ಬಂತು. ನಾಡಿದ್ದೂ ಇದೇ. ಬಂಡೆಗೆ ಕೈಯೂರಿ ಎದ್ದು ಮೇಲಕ್ಕೆ ಹೆಜ್ಜೆ ಇಟ್ಟೆ.

ಉಳಿದ ಅರ್ಧ ದಾರಿ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಈಗ ಅವ್ವ ಮುಂದೆ ಹೋಗಲಿಲ್ಲ, ನನ್ನ ಹಿಂದೆ ಬಂದಳು. ಗುಳಿ ತಪ್ಪಿದ ಕಡೆ ನನ್ನ ಬೆನ್ನಿಗೆ ತಲೆ ಕೊಟ್ಟು ನೂಕಿದಳು. ಕೈ ಮುಟ್ಟಿಸಲಿಲ್ಲ. ಒಂದು ಕಡೆ ಕಬ್ಬಿಣದ ಸರಪಳಿ ಹಿಡಿದು ಏರಬೇಕಿತ್ತು, ಅಲ್ಲಿ ನನ್ನ ಎರಡೂ ತೊಡೆ ಗಡಗಡ ನಡುಗಿದವು. ಪ್ರತಿ ಹೆಜ್ಜೆಗೂ ಇದು ನನ್ನದಲ್ಲ ಎಂದುಕೊಂಡೆ. ಹಾಗಂದುಕೊಂಡರೆ ಭಾರವೇನೂ ಕಡಿಮೆಯಾಗುವುದಿಲ್ಲ, ಸಿಟ್ಟು ಮಾತ್ರ ಹೆಚ್ಚುತ್ತದೆ.

ತುದಿಗೆ ಬಂದಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಮುಂದೆ ಹೋದ ಜೋಡಿಗಳು ಕೆಲಸ ಮುಗಿಸಿ ಇಳಿದಾಗಿತ್ತು. ಚಪ್ಪಟೆ ಬಂಡೆಯ ಮೇಲೆ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ. ಎದುರುಬದುರು ಕೂತೆವು. ಅವ್ವ ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಬಿಚ್ಚಿಟ್ಟುಕೊಂಡಳು. ಸೋಡಾಪುಡಿಯಲ್ಲಿ ಒಗೆದೂ ಒಗೆದೂ ಅವಳ ಅಂಗೈಯಲ್ಲಿ ಗೆರೆಗಳೇ ಸವೆದುಹೋಗಿವೆ.

ಆಗ ನನಗೆ ಹೊಸ ಭಯ ಶುರುವಾಯಿತು. ಕತ್ತಿನ ನರಗಳು ಕಾಣುವ ಮುದುಕಿ ಇವಳು. "ಇಳಿಯಕ್ಕೆ ಆಗಲ್ಲವ್ವ ನಿನಗೆ" ಎಂದೆ.

"ನೀನಿದ್ದೀಯಲ್ಲ, ಇಳಿಸು."

"ಸತ್ತರೆ?"

"ಸತ್ತರೆ ಏನಾಯ್ತು? ನಂದು ನನ್ನ ಜೊತೆ ಹೋಗ್ತದೆ."

"ಬೇಡ ಬಿಡು. ನನಗೆ ರೂಢಿಯಾಗಿದೆ."

"ರೂಢಿಯಂತೆ ರೂಢಿ!" ಬೆಳಗಿನಿಂದ ಮೊದಲ ಸಲ ಅವ್ವ ಗದರಿದಳು. "ನನ್ನ ಮುಂದೆ ದೊಡ್ಡೋಳ ಹಂಗೆ ಮಾತಾಡಬೇಡ. ದಣಿವಿಲ್ಲದ ಮೈ ಹೆಂಗಿರ್ತದೆ ಅಂತ ನಿನಗೇನು ಗೊತ್ತೇ? ನನಗೆ ಗೊತ್ತು. ಅದಕ್ಕೇ ಇಷ್ಟು ವರ್ಷ ಬಿಟ್ಟುಕೊಡಲಿಲ್ಲ. ಕೊಡು."

ಕ್ಷಮಿಸಿ ಕೊಟ್ಟೆ ಎಂದು ಯಾರೂ ತಿಳಿಯಬೇಡಿ. ಪ್ರೀತಿ ಉಕ್ಕಿಬಂದು ಕೊಟ್ಟದ್ದೂ ಅಲ್ಲ. ನನಗೆ ಸಾಕಾಗಿತ್ತು, ಅಷ್ಟೇ. ನನ್ನ ಅಂಗೈಗಳನ್ನು ಅವಳ ಅಂಗೈಗಳ ಮೇಲಿಟ್ಟು, "ತಗೋ" ಎಂದೆ.

ಸದ್ದೇನೂ ಆಗಲಿಲ್ಲ. ಅವ್ವನ ಭುಜ ಮೊದಲು ಇಳಿಯಿತು, ಆಮೇಲೆ ಕತ್ತು. ಕೂತಲ್ಲೇ ಒಂದು ಗೇಣು ಗಿಡ್ಡವಾದಳು. ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡುತ್ತಾ, "ಇಷ್ಟೊಂದಿತ್ತೇನೇ?" ಎಂದಳು.

"ಹ್ಞೂ ಅವ್ವ."

"ಆರು ವರ್ಷದ ಮಗೀಗೆ..." ಎಂದಳು. ಕಣ್ಣಲ್ಲಿ ನೀರು ತುಂಬಿತು, ಅದು ಕೆನ್ನೆಗೆ ಇಳಿಯುವಷ್ಟರಲ್ಲಿ ಮಗ್ಗುಲಿಗೆ ವಾಲಿ ನಿದ್ದೆ ಹೋಗಿದ್ದಳು.

ನಾನು ಎದ್ದು ನಿಂತೆ. ಎದ್ದು ನಿಂತದ್ದೇ ಗೊತ್ತಾಗಲಿಲ್ಲ. ಮೈಯಲ್ಲಿ ಏನಾದರೂ ಉಳಿದಿದೆಯೇ ಎಂದು ಹುಡುಕಿದೆ. ಮಂಡಿಯಲ್ಲಿ ಸ್ವಲ್ಪ ನೋವಿತ್ತು, ಸರಪಳಿ ಹಿಡಿದ ತೋಳಿನಲ್ಲಿ ಸ್ವಲ್ಪ ಸೋಲಿತ್ತು. ಇವತ್ತು ಗುಡ್ಡ ಹತ್ತಿದ್ದು. ನನ್ನದು ಎನ್ನುವುದು ಇಷ್ಟೇ ಇತ್ತು. ಅಲ್ಲೇ ನಿಂತು ಗಟ್ಟಿಯಾಗಿ ಅತ್ತೆ. ಸಂತೋಷಕ್ಕಲ್ಲ, ಹೋದ ವರ್ಷಗಳಿಗೆ.

ಅವ್ವನನ್ನು ಬೆನ್ನಿಗೆ ಹಾಕಿಕೊಂಡು, ಅವಳ ಸೆರಗಿನಿಂದಲೇ ನನ್ನ ಸೊಂಟಕ್ಕೆ ಬಿಗಿದು ಇಳಿದೆ. ಕೂಸಿನಷ್ಟು ಹಗುರವಿದ್ದಳು, ಅಥವಾ ನನಗೆ ಹಾಗೆನಿಸಿತು. ಸರಪಳಿಯ ಹತ್ತಿರ ಅರೆಎಚ್ಚರವಾಗಿ, ತನ್ನ ಕೈಗಳು ನನ್ನ ಕೊರಳ ಮುಂದೆ ತೂಗಾಡುತ್ತಿರುವುದನ್ನು ಕಂಡು ಎರಡೂ ಮುಷ್ಟಿ ಗಟ್ಟಿಯಾಗಿ ಮುಚ್ಚಿಕೊಂಡಳು. ದೊಣೆಯ ಹತ್ತಿರ ಗೌಸಿಯಾಬಿ ಅವಳ ಮುಖಕ್ಕೆ ನೀರು ಸವರಿ, "ಬಾಳ ದಿನ ಮಲಗ್ತಾರೆ. ಎಬ್ಬಿಸಬೇಡ ಕಣಮ್ಮ. ಕೆಲವರು ಏಳ್ತಾರೆ, ಕೆಲವರು ಏಳಲ್ಲ" ಎಂದಳು.

ಮನೆಯಲ್ಲಿ ಮಲಗಿಸಿ ಇಂದಿಗೆ ಒಂಬತ್ತು ದಿನ. ದಿನಕ್ಕೆ ನಾಲ್ಕು ಸಲ ಚಮಚದಲ್ಲಿ ಗಂಜಿ ಕುಡಿಸುತ್ತೇನೆ, ಮಗ್ಗುಲು ಬದಲಾಯಿಸುತ್ತೇನೆ, ಬಟ್ಟೆ ಒಗೆಯುತ್ತೇನೆ, ಅಂಗಡಿಗೂ ಹೋಗಿಬರುತ್ತೇನೆ. ಸಂಜೆಗೆ ಚೆನ್ನಾಗಿ ದಣಿಯುತ್ತೇನೆ. ಅವ್ವ ಅಂಥ ಒಂದು ಸಂಜೆ ಕೊಬ್ಬರಿ ಮಿಠಾಯಿ ಹಿಡಿದು ಹೊಸಿಲಿಗೆ ಬಂದದ್ದು ನೆನಪಾಗುತ್ತದೆ, ಆಗ ಅವಳ ಮೇಲಿನ ಸಿಟ್ಟು ಎಷ್ಟು ಹುಡುಕಿದರೂ ಪೂರ್ತಿ ಸಿಗುವುದಿಲ್ಲ. ಮಲಗುತ್ತೇನೆ. ಬೆಳಿಗ್ಗೆ ಮೈ ಹಗುರವಾಗಿರುತ್ತದೆ, ಅದಕ್ಕೆ ನಾಚಿಕೆಯಾಗುತ್ತದೆ.

ಈ ಬೆಳಿಗ್ಗೆ ಕಸ ಗುಡಿಸುತ್ತಿದ್ದಾಗ ಅವ್ವ ಕಣ್ಣು ಬಿಟ್ಟಳು. ಪೊರಕೆ ಹಿಡಿದು ನಿಂತ ನನ್ನನ್ನು ಬಹಳ ಹೊತ್ತು ನೋಡಿದಳು. "ಇನ್ನೂ ಇದೆ ಕಣೇ" ಎಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ. ಚಿಕ್ಕಂದಿನಿಂದ ಕಂಡವರ ಬಾಯಲ್ಲೆಲ್ಲ 'ಏಳೇ, ಏಳೇ' ಎನ್ನಿಸಿಕೊಂಡವಳು ನಾನು.

"ಮಲಗವ್ವ" ಎಂದೆ.